ಹಾಸನ ಸೀಮೆಯಲ್ಲಿ ವಿದ್ಯಾರ್ಥಿಧರ್ಮವೂ ವಿದ್ಯಾತೃಪ್ತಿಯೂ

ಧರ್ಮಾಚರಣೆಯಿಂದ ವಿದ್ಯಾರ್ಥಿಗೆ ಓದಿನಲ್ಲಿ ಆಸಕ್ತಿಯೂ ಬಾಳಿನಲ್ಲಿ ತೃಪ್ತಿಯೂ ಹೆಚ್ಚುವುವೇ ಎಂಬುದು ಈಗ ಕಾಲೇಜುಗಳನ್ನು ಕುರಿತು ಕೇಳಲ್ಪಡುವ ಪ್ರಶ್ನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಪೂರ್ವಚರಿತ್ರೆಯು ಇದಕ್ಕೆ ಕೊಡುವ ಉತ್ತರವನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುವೆವು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕ್ರಿ. ಶ. 1129ರ ಮಲ್ಲಿಷೇಣಪ್ರಶಸ್ತಿಯಿದೆ. ಸಲ್ಲೇಖನದಿಂದ ದೇಹತ್ಯಾಗಮಾಡಿದ ಮುನಿಯ ಸ್ಮಾರಕವಾದರೂ ಅದರ ಬಹುಭಾಗವು ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರ ಪಾಂಡಿತ್ಯವನ್ನೂ ವಾದವಿಜಯಗಳನ್ನೂ ಕೊಂಡಾಡುತ್ತದೆ. ಜೈನರಲ್ಲಿ ಸ್ವಾಧ್ಯಾಯವು ಆಭ್ಯಂತರ ತಪಸ್ಸುಗಳಲ್ಲೊಂದು. ಆದುದರಿಂದ ಓದು ತಪಸ್ಸಿಗೆ ಹೊರಗಿನದಾಗಿರಲಿಲ್ಲ. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯು ಹೊಯ್ಸಳರ ಕಾಲದಲ್ಲಿ ವಿಜಯಸೋಮನಾಥಪುರವೆಂಬ ಅಗ್ರಹಾರವಾಗಿದ್ದಿತು. ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಅಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದನು. ಅಗ್ರಹಾರವೆಂದರೆ ದೇವರ ಸೇವೆಯೂ ಶಾಸ್ತ್ರದ ಪಾಠವೂ ಒಂದೇ ದಾನದ ಆಶ್ರಯದಲ್ಲಿ ನಡೆಯುವ ಊರು.

ಈ ಆಚರಣೆ ಓದಿಗೆ ಒದಗುತ್ತಿದ್ದ ಬಗೆ ಗಮನಾರ್ಹವಾದುದು. ಉಪಾಕರ್ಮವು ವೇದಾಧ್ಯಯನದ ವರ್ಷಾರಂಭ. ಪಾಡ್ಯ, ಅಷ್ಟಮಿ ಮುಂತಾದುವು ಅನಧ್ಯಾಯದಿನಗಳು. ಆದರೆ ವೇದಾಂಗಗಳಿಗೂ ನಿತ್ಯಸ್ವಾಧ್ಯಾಯಕ್ಕೂ ಅನಧ್ಯಾಯದ ಅಡ್ಡಿಯಿಲ್ಲವೆಂದು ಮನುಸ್ಮೃತಿಯ ವಿಧಿ. ಹೊಸ ಪಾಠಕ್ಕೆ ಬಿಡುವು, ಅಭ್ಯಾಸಕ್ಕೆ ಬಿಡುವಿಲ್ಲ. ಹೀಗೆ ಧರ್ಮವು ಬುದ್ಧಿಯನ್ನು ದಯಪಾಲಿಸಿತೆನ್ನುವುದಕ್ಕಿಂತ ಕಾಲನಿಯಮವನ್ನು ಕಲಿಸಿತೆನ್ನುವುದೇ ಯುಕ್ತ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಇದಕ್ಕೆ ಇನ್ನೊಂದು ನಿದರ್ಶನ. ಆರ್. ಕೆ. ಶ್ರೀಕಂಠನ್ (1920–2014) ಅವರೇ ಮೊದಲಾದ ಗಾಯಕರನ್ನು ಕೊಟ್ಟ ಆ ಸಂಕೇತಿಗಳ ಊರಿನಲ್ಲಿ ವೇದಘೋಷವೂ ಸಂಗೀತಸಾಧನೆಯೂ ಜೊತೆಜೊತೆಯಾಗಿ ಬೆಳೆದುವು. 1920ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ತರುವಾಯ ಹೊಳೆನರಸೀಪುರದಲ್ಲಿ ನೆಲೆಗೊಂಡ ಅಧ್ಯಾತ್ಮಪ್ರಕಾಶ ಕಾರ್ಯಾಲಯವು ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದಿತು. ಅದರ ಸ್ಥಾಪಕರು ಮೊದಲು ಉಪಾಧ್ಯಾಯರಾಗಿದ್ದು, 1948ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳೆನಿಸಿದರು.

ಆದರೆ ಈ ಚಿತ್ರದ ಇನ್ನೊಂದು ಮುಖವನ್ನು ಮರೆಯಲಾಗದು. ಅಗ್ರಹಾರದ ವೇದಪಾಠವು ಸ್ತ್ರೀಯರಿಗೂ ಬಹುಸಂಖ್ಯಾತರಾದ ಇತರರಿಗೂ ಮುಚ್ಚಿದ ಬಾಗಿಲಾಗಿದ್ದಿತು. ಶಾಸನಗಳು ದಾನಿಯ ಪುಣ್ಯವನ್ನೂ ಪಂಡಿತನ ಕೀರ್ತಿಯನ್ನೂ ಸಾರುವುವೇ ಹೊರತು ಹೊರಗೆ ನಿಂತವನ ಅತೃಪ್ತಿಯನ್ನು ಹೇಳವು. ವಾರಾನ್ನದಿಂದ ಓದಿದ ಬಡಹುಡುಗನಿಗೂ ಅನ್ನವಿಟ್ಟ ಧರ್ಮವು ದೊಡ್ಡದೇ. ಆದರೆ ದಿನಕ್ಕೊಂದು ಮನೆಯ ಬಾಗಿಲಲ್ಲಿ ನಿಲ್ಲುವ ಸಂಕೋಚವೂ ಅವನ ಪಾಲಿನದಾಗಿದ್ದಿತು. ಸರ್ಕಾರಿ ಶಾಲೆಗಳೂ ವಿದ್ಯಾರ್ಥಿನಿಲಯಗಳೂ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವೂ ವಿದ್ಯೆಯ ದಾರಿಯನ್ನು ಅಗಲಮಾಡಿದುವು.

ಆದುದರಿಂದ ಪೂಜೆಯಿಂದ ಪರೀಕ್ಷೆಯಲ್ಲಿ ಅಂಕಗಳು ಬರುವುವೇ ಎಂದು ಕೇಳುವುದು ಸಾಧ್ಯಸಾಧನಗಳನ್ನು ತಲೆಕೆಳಗುಮಾಡಿದಂತೆ. ನಿಯಮ, ಗುರುಭಕ್ತಿ, ಓದನ್ನೇ ಪುರುಷಾರ್ಥವೆಂದೆಣಿಸುವ ಬುದ್ಧಿ, ಇವು ಪೂರ್ವಿಕರಿಂದ ಬಂದ ಆಸ್ತಿ. ಅದನ್ನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚುವುದೇ ಈ ಕಾಲದ ವಿದ್ಯಾದಾನವು.