ಹಗೇವಿನ ಕಾಳು, ಗೃಹತ್ಯಾಗದ ಕೀಲಿಕೈ

ಸಿಂದಗಿಯಿಂದ ಜೇವರ್ಗಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮೋರಟಗಿ ಇದೆ. ಸುತ್ತಲೂ ಎರೆಭೂಮಿ, ಹಿಂಗಾರಿ ಜೋಳದ ಸೀಮೆ. ಈ ಊರೂ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳೂ ಸೇರಿದ ಪ್ರದೇಶದಲ್ಲಿ ಒಕ್ಕಲುತನದ ಮನೆಯೊಂದರ ಸ್ಥಿತಿಗತಿಯನ್ನು ಅಳೆಯಲು ಹಿಂದಿನವರು ಕೇಳುತ್ತಿದ್ದ ಪ್ರಶ್ನೆ ಹೊಲ ಎಷ್ಟು ಎಂಬುದಷ್ಟೇ ಅಲ್ಲ. ಹಗೇವು ಎಷ್ಟು ಎಂಬುದೂ ಆಗಿತ್ತು. ಹೊಲವು ಆ ವರ್ಷದ ಮಳೆಯನ್ನು ನಂಬಿದ್ದರೆ, ಹಗೇವು ಹಿಂದಿನ ವರ್ಷಗಳ ಮಳೆಯನ್ನು ನೆಲದೊಳಗೆ ಕಾಪಿಟ್ಟಿರುತ್ತಿತ್ತು.

ಹಗೇವು ಎಂದರೆ ಕಾಳು ತುಂಬುವ ನೆಲದ ಗುಂಡಿ. ಎರೆಮಣ್ಣು ನೀರು ಹಿಡಿಯುವುದರಿಂದ ಅದರಲ್ಲಿ ತೋಡುವುದು ಕೆಲಸಕ್ಕೆ ಬಾರದು. ಗರಸಿನ ಗಟ್ಟಿ ದಿಬ್ಬವನ್ನು ಹುಡುಕಬೇಕು. ಊರಿನ ಎತ್ತರದ ಬಯಲಿನಲ್ಲಿ, ಇಲ್ಲವೇ ಮನೆಯ ಅಂಗಳದಲ್ಲಿ, ಕೆಲವೊಮ್ಮೆ ಪಡಸಾಲೆಯ ನೆಲದಡಿಯಲ್ಲಿಯೇ ಅದನ್ನು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಗಡಿಗೆಯಂತೆ ಅಗಲ. ತಳಕ್ಕೂ ಮಗ್ಗುಲಿಗೂ ಜೋಳದ ಕಣಕಿ, ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಜೋಳವನ್ನು ಕಂಠದವರೆಗೆ ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು ಕೆಸರಿನಿಂದ ಮೆತ್ತಿದರೆ ಮುಗಿಯಿತು. ಒಳಗಿನ ಕಾಳು ಉಸಿರಾಡಿ ಅಲ್ಲಿದ್ದ ಪ್ರಾಣವಾಯುವನ್ನು ತೀರಿಸಿಬಿಡುತ್ತದೆ. ಉಳಿಯುವ ಇಂಗಾಲದ ಡೈಆಕ್ಸೈಡಿನಲ್ಲಿ ಹುಳು ಬದುಕದು. ಬಾಯಿ ತೆರೆದೊಡನೆ ಇಳಿದ ಮನುಷ್ಯನೂ ಬದುಕಲಾರ. ಆದ್ದರಿಂದ ಹಗೇವನ್ನು ತೆರೆದು ಬಹಳ ಹೊತ್ತು ಗಾಳಿಗೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವುದು ಪದ್ಧತಿ. ಹೀಗೆ ಇಟ್ಟ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬಣ್ಣ ಮಾಸಿ, ಒಂದು ಬಗೆಯ ವಾಸನೆ ಬರುತ್ತಿತ್ತು. ರೊಟ್ಟಿಗೆ ಅಡ್ಡಿಯಿಲ್ಲ, ಬಿತ್ತನೆಗೆ ಮಾತ್ರ ನಂಬುವಂತಿಲ್ಲ. ಬಿತ್ತುವ ಬೀಜವನ್ನು ಮನೆಯ ಹೆಂಗಸರು ಬೂದಿ ಬೆರೆಸಿ, ಬೇವಿನ ಎಲೆಯಿಟ್ಟು, ಗಡಿಗೆಗಳಲ್ಲಿ ಬೇರೆಯಾಗಿ ಕಾಯುತ್ತಿದ್ದರು. ಉಣ್ಣುವ ಕಾಳು ಒಂದು ಕಡೆ, ಮರಳಿ ಬೆಳೆಯುವ ಕಾಳು ಇನ್ನೊಂದು ಕಡೆ ಎಂಬ ಈ ವಿಂಗಡಣೆ ಮುಂದಿನ ವಿಚಾರಕ್ಕೆ ಬೇಕಾದುದು.

ಇಷ್ಟೆಲ್ಲ ಮುಂಜಾಗ್ರತೆಗೆ ಕಾರಣ ಹುಡುಕಬೇಕಾಗಿಲ್ಲ. ಡೋಣಿ ನದಿ ತುಂಬಿ ಹರಿದ ವರ್ಷ ಓಣಿ ಓಣಿಯಲ್ಲಿ ಜೋಳ, ಹರಿಯದ ವರ್ಷ ಗೋಳು ಎಂಬ ಅರ್ಥದ ಮಾತು ಇಲ್ಲಿಯ ಜನರ ನಾಲಿಗೆಯ ಮೇಲೆಯೇ ಇದೆ. 1396ರಿಂದ ಹಲವು ವರ್ಷ ಮುಂದುವರಿದ ದುರ್ಗಾದೇವಿ ಬರ ದಖ್ಖಣದ ನೆನಪಿನಲ್ಲಿ ಬಹುಕಾಲ ಉಳಿಯಿತು. 1791-92ರ ಬರಕ್ಕೆ ಜನರು ಕೊಟ್ಟ ಹೆಸರು ತಲೆಬುರುಡೆಯ ಬರ. ಸುಡುವವರಾಗಲಿ ಹೂಳುವವರಾಗಲಿ ಉಳಿಯದೆ ಬಯಲಿನಲ್ಲಿ ಬಿದ್ದ ಬುರುಡೆಗಳಿಂದ ಬಂದ ಹೆಸರು. 1802-03 ಮತ್ತು 1832-33ರಲ್ಲಿ ಮತ್ತೆ ಬರ. ಅನಂತರ ಧಾತು ಈಶ್ವರ ಸಂವತ್ಸರಗಳ, ಅಂದರೆ 1876-78ರ ಮಹಾಕ್ಷಾಮ. ಆಗ ಈ ಜಿಲ್ಲೆಗೆ ಕಲಾದಗಿ ಎಂದು ಹೆಸರು. 1872ರ ಜನಗಣತಿಯಲ್ಲಿ 8 ಲಕ್ಷವನ್ನು ಮೀರಿದ್ದ ಅದರ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದನ್ನು ಈ ಅಂಕಿಗಳು ಬೇರ್ಪಡಿಸಿ ಹೇಳುವುದಿಲ್ಲ.

ಹಗೇವುಗಳ ನಾಡಿನಲ್ಲಿ ಹೀಗೇಕಾಯಿತು ಎಂಬುದು ಸಹಜವಾದ ಪ್ರಶ್ನೆ. ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟದ್ದು ಮೊದಲ ಕಾರಣ. ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ಅಂದಿನ ಸರಕಾರದ ಹಟವೂ, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ ರಿಚರ್ಡ್ ಟೆಂಪಲ್‌ನ ಲೆಕ್ಕಾಚಾರವೂ ಅದನ್ನು ಹಿಗ್ಗಿಸಿದವು. ಆದರೆ ಮನೆಯೊಳಗಿನ ಕಾರಣವೂ ಒಂದಿದೆ. ಅಮೆರಿಕೆಯ ಅಂತರ್ಯುದ್ಧದ ವರ್ಷಗಳಲ್ಲಿ (1861-65) ಹತ್ತಿಯ ಬೆಲೆ ಏರಿ, ಈ ಕಡೆಯ ಎರೆಹೊಲಗಳು ಹತ್ತಿಗೆ ತಿರುಗಿದ್ದವು. ಕಂದಾಯ ನಗದಿನಲ್ಲಿ ಸಲ್ಲಬೇಕಾಗಿತ್ತು. ಇದರ ಜೊತೆಗೆ 1832ರ ಬರವನ್ನು ತಿಳಿವಳಿಕೆಯ ವಯಸ್ಸಿನಲ್ಲಿ ಕಂಡವರು 1876ರಲ್ಲಿ ಅರುವತ್ತು ದಾಟಿದ್ದರು. ಮನೆಯ ವ್ಯವಹಾರ ಅವರ ಕೈಯಲ್ಲಿ ಉಳಿದಿರಲಿಲ್ಲ. ಹಗೇವು ತುಂಬಬೇಕೇ, ಕಾಳು ಮಾರಿ ರೊಕ್ಕ ಮಾಡಬೇಕೇ ಎಂದು ನಿರ್ಧರಿಸುವವರು ಬರವನ್ನು ಕೇಳಿ ಬಲ್ಲವರೇ ಹೊರತು ಕಂಡು ಬಲ್ಲವರಲ್ಲ. ಆಪತ್ತಿನ ಸಿದ್ಧತೆಯೂ ಮುಪ್ಪಿನಲ್ಲಿ ಹೊಣೆ ಇಳಿಸುವುದೂ ಎರಡು ಬೇರೆ ಸಂಗತಿಗಳಂತೆ ಕಂಡರೂ ಒಂದೇ ಕೀಲಿಕೈಗೆ ಸಂಬಂಧಿಸಿದವು. ಜೈನ ಶ್ರಾವಕಾಚಾರ ಸಾಹಿತ್ಯ ಇವೆರಡನ್ನೂ ಒಟ್ಟಿಗೇ ಯೋಚಿಸಿದೆ.

ಕನ್ನಡ ನಾಡಿನ ಜೈನಪರಂಪರೆ ಆರಂಭವಾಗುವುದೇ ಒಂದು ಬರದ ಮುನ್ಸೂಚನೆಯಿಂದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ, ಸುಮಾರು ಕ್ರಿ.ಶ. 600ರದೆಂದು ಎಣಿಸುವ ಶಾಸನದ ಪ್ರಕಾರ ಭದ್ರಬಾಹುಸ್ವಾಮಿ ಉಜ್ಜಯಿನಿಯಲ್ಲಿ ನಿಮಿತ್ತಜ್ಞಾನದಿಂದ 12 ವರ್ಷಗಳ ವೈಷಮ್ಯವನ್ನು ಅರಿತು ಹೇಳಲು, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು, ಜನ ಧನ ಸಸ್ಯ ಗೋಮಹಿಷಗಳಿಂದ ತುಂಬಿದ ಜನಪದವನ್ನು ಸೇರಿತು. ಚಂದ್ರಗುಪ್ತನು ಸಿಂಹಾಸನವನ್ನು ಬಿಟ್ಟು ಗುರುವಿನ ಹಿಂದೆ ಬಂದನೆಂಬುದನ್ನು ಈ ಶಾಸನ ಹೇಳುವುದಿಲ್ಲ. ಅದು ಬೇರೆ ಆಕರಗಳ ಮಾತು, ಅವುಗಳಲ್ಲಿಯೂ ಒಮ್ಮತವಿಲ್ಲ. 931ರ ಸುಮಾರಿನಲ್ಲಿ ಹರಿಷೇಣನು ರಚಿಸಿದ ಬೃಹತ್ಕಥಾಕೋಶದಲ್ಲಿ ದೀಕ್ಷೆಗೊಂಡ ಚಂದ್ರಗುಪ್ತನೇ ವಿಶಾಖಾಚಾರ್ಯನಾಗಿ ಸಂಘವನ್ನು ಪುನ್ನಾಟಕ್ಕೆ ಕರೆತರುತ್ತಾನೆ. ಇತಿಹಾಸಕಾರರ ಚರ್ಚೆ ಈ ವಿಷಯದಲ್ಲಿಯೇ ಸಿಕ್ಕಿಕೊಂಡಿದ್ದರಿಂದ, ಅದೇ ಕಥೆಯಲ್ಲಿ ಬರುವ ಗೃಹಸ್ಥರ ಕಡೆಗೆ ಕಣ್ಣು ಹಾಯಿಸಿದವರು ಕಡಿಮೆ.

ಗೃಹಸ್ಥರ ಪ್ರಸಂಗ ಹೀಗಿದೆ. ರತ್ನನಂದಿಯ ಭದ್ರಬಾಹುಚರಿತೆಯಲ್ಲಿ ನಗರದ ಶ್ರೀಮಂತ ಶ್ರಾವಕರು ಸಂಘವನ್ನು ತಡೆಯುತ್ತಾರೆ. ತಮ್ಮ ಸಂಪತ್ತು, ದವಸಧಾನ್ಯಗಳು ಬರವನ್ನು ದಾಟಿಸುವಷ್ಟಿವೆ, ಸ್ವಾಮಿಗಳು ಇಲ್ಲಿಯೇ ಇರಬೇಕೆಂದು ಬೇಡುತ್ತಾರೆ. ಅವರದು ಸುಳ್ಳು ಭರವಸೆಯಲ್ಲ, ಕಣಜ ತುಂಬಿದವರ ಮಾತು. ಹರಿಷೇಣನ ಕಥೆಯಲ್ಲಿ ಸಿಂಧುದೇಶಕ್ಕೆ ಹೋದ ಮುನಿಗಳಿಗೆ ಅಲ್ಲಿಯ ಶ್ರಾವಕರು ಹೇಳುವ ಮಾತು ಬೇರೆ: ಹಸಿದವರ ಗುಂಪಿನ ಭಯದಿಂದ ಹಗಲು ಒಲೆ ಹಚ್ಚುವಂತಿಲ್ಲ, ರಾತ್ರಿ ಅಡಿಗೆ ಮಾಡುತ್ತೇವೆ, ತಾವೂ ಪಾತ್ರೆ ಹಿಡಿದು ರಾತ್ರಿಯೇ ಬಂದು ಒಯ್ಯಿರಿ. ಮುನಿಗಳ ಆಚಾರ ಸಡಿಲವಾದದ್ದು ಅಲ್ಲಿಂದ ಎಂಬುದು ಕಥೆಗಾರನ ಉದ್ದೇಶ. ಸಂಪ್ರದಾಯಭೇದದ ಮೂಲವನ್ನು ವಿವರಿಸಲು ಹೊರಟ ಆ ಭಾಗವನ್ನು ಎಚ್ಚರದಿಂದಲೇ ಓದಬೇಕು. ಆದರೆ ಅದರ ಹಿನ್ನೆಲೆಯಲ್ಲಿರುವ ಮನೆಯ ಚಿತ್ರ ಬರವನ್ನು ಬಲ್ಲವನು ಬರೆದದ್ದು. ಕಾಳಿದೆ, ಸೌದೆಯಿದೆ, ಹೊಗೆ ಎದ್ದರೆ ಊರಿಗೆ ತಿಳಿಯುತ್ತದೆ. ಸುತ್ತಲ ಓಣಿ ಹಸಿದಿರುವಾಗ ಒಂದು ಮನೆಯ ತುಂಬಿದ ಹಗೇವು ಆ ಮನೆಯನ್ನೇ ಸೆರೆಯಾಗಿಸುತ್ತದೆ.

ಹಾಗಾದರೆ ಸಂಗ್ರಹವೇ ದೋಷವೇ? ಶ್ರಾವಕಾಚಾರ ಹಾಗೆನ್ನುವುದಿಲ್ಲ. ಗೃಹಸ್ಥನ ಐದನೆಯ ಅಣುವ್ರತ ಪರಿಗ್ರಹಪರಿಮಾಣ, ಎಂದರೆ ಇರುವುದಕ್ಕೆ ಮಿತಿ ಹಾಕಿಕೊಳ್ಳುವುದು. ತತ್ತ್ವಾರ್ಥಸೂತ್ರವು ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮೊದಲಾದವುಗಳ ಗೊತ್ತುಮಾಡಿದ ಅಳತೆಯನ್ನು ಮೀರುವುದನ್ನು ಅತಿಚಾರವೆನ್ನುತ್ತದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಇನ್ನೂ ಸೂಕ್ಷ್ಮ. ಅಲ್ಲಿ ಅತಿಚಾರಗಳಲ್ಲಿ ಒಂದರ ಹೆಸರೇ ಅತಿಸಂಗ್ರಹ. ಪ್ರಭಾಚಂದ್ರನ ಟೀಕೆ ಅದನ್ನು ಬಿಡಿಸುವ ರೀತಿ ಗಮನಾರ್ಹ: ಈ ಧಾನ್ಯ ಮುಂದೆ ಹೆಚ್ಚಿನ ಲಾಭ ತರುತ್ತದೆಂಬ ಲೋಭದಿಂದ ಅದನ್ನು ಅತಿಯಾಗಿ ಕೂಡಿಡುವುದು. ಪ್ರಮಾಣದ ಜೊತೆಗೆ ಇಲ್ಲಿ ಉದ್ದೇಶವೂ ಎಣಿಕೆಗೆ ಬರುತ್ತದೆ. ಮನೆಮಂದಿ ಉಣ್ಣಲಿ ಎಂದು ಮುಚ್ಚಿದ ಹಗೇವಿಗೂ ಬೆಲೆ ಏರಲಿ ಎಂದು ಮುಚ್ಚಿದ ಹಗೇವಿಗೂ ಹೊರಗಿನಿಂದ ವ್ಯತ್ಯಾಸ ಕಾಣದು. ಎರಡಕ್ಕೂ ಅದೇ ಹಾಸುಗಲ್ಲು, ಅದೇ ಕೆಸರು.

ಮೋರಟಗಿಯಿಂದ ಮೂಡಣಕ್ಕೆ ಭೀಮೆಯನ್ನು ದಾಟಿದರೆ ಕಲಬುರಗಿಯ ಸೀಮೆ; ಅಲ್ಲಿ ಕಾಗಿಣೆಯ ದಡದ ಮೇಲೆ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ (814-878) ಬಾಳಿನಲ್ಲಿ ಆಪತ್ತು, ನಿವೃತ್ತಿಗಳೆರಡೂ ಶಾಸನಸ್ಥವಾಗಿವೆ. ಲೋಕಕ್ಕೆ ಒದಗಿದ ಉಪದ್ರವವನ್ನು ಕಳೆಯಲು ಅವನು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ರಾಜ್ಯವನ್ನು ಒಂದಕ್ಕಿಂತ ಹೆಚ್ಚು ಬಾರಿ ತೊರೆದನೆಂದು ವಿದ್ವಾಂಸರು ಅರ್ಥ ಮಾಡುವ ಮಾತೂ ಅದರಲ್ಲಿಯೇ ಇದೆ. ಪ್ರಶ್ನೋತ್ತರರತ್ನಮಾಲಿಕೆಯ ಕೊನೆಯ ಪದ್ಯ ಅವನನ್ನು ವಿವೇಕದಿಂದ ರಾಜ್ಯ ಬಿಟ್ಟವನೆಂದೇ ಕರೆಯುತ್ತದೆ. ಬೆರಳು ಕೊಟ್ಟದ್ದು ರಾಜೋಚಿತ ಸಾಹಸ. ಆದರೆ ಸಾಮಾನ್ಯ ಗೃಹಸ್ಥನಿಗೆ ಅದರಿಂದ ಕಲಿಯಲು ಬಹಳವಿಲ್ಲ. ಅವನಿಗೆ ಬೇಕಾದುದನ್ನು ಬರೆದವನು ಆ ಅರಸನೇ ತಲೆಬಾಗುತ್ತಿದ್ದ ಜಿನಸೇನಾಚಾರ್ಯ.

ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ಜಿನಸೇನನು ಗರ್ಭಾಧಾನದಿಂದ ತೊಡಗಿ ಗೃಹಸ್ಥನ ಕ್ರಿಯೆಗಳನ್ನು ವಿವರಿಸುತ್ತಾನೆ. ಅವುಗಳಲ್ಲಿ ಪ್ರಶಾಂತಿ ಒಂದು: ಯೋಗ್ಯನಾದ ಮಗನಿಗೆ ಮನೆಯ ಭಾರವನ್ನು ಒಪ್ಪಿಸಿ, ಸ್ವಾಧ್ಯಾಯ ಉಪವಾಸಗಳಲ್ಲಿ ತಾನು ಶಾಂತನಾಗಿರುವುದು. ಅದರ ಮುಂದಿನದು ಗೃಹತ್ಯಾಗ. ಎರಡರ ನಡುವೆ ಕಾಲಾವಕಾಶವಿದೆ ಎಂಬುದೇ ಮುಖ್ಯ. ತಂದೆ ಇನ್ನೂ ಮನೆಯಲ್ಲಿದ್ದಾನೆ, ಮಗ ನಡೆಸುತ್ತಿದ್ದಾನೆ. ಗೃಹತ್ಯಾಗದ ದಿನ ಎಲ್ಲರನ್ನೂ ಕರೆದು, ಅವರ ಸಾಕ್ಷಿಯಲ್ಲಿ ಹಿರಿಯ ಮಗನಿಗೆ ಹೇಳಬೇಕಾದ ಮಾತುಗಳಲ್ಲಿ ಆಸ್ತಿಯ ವಿಭಾಗವಿದೆ. ಒಂದು ಪಾಲು ಧರ್ಮಕಾರ್ಯಕ್ಕೆ, ಒಂದು ಪಾಲು ಮನೆಯ ವೆಚ್ಚಕ್ಕೆ, ಮೂರನೆಯದು ಮಕ್ಕಳಿಗೆ. ಆ ಮೂರನೆಯ ಪಾಲಿನಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಭಾಗ. ಒಂಬತ್ತನೆಯ ಶತಮಾನದ ಈ ಸಮಭಾಗದ ಮಾತನ್ನು ಸ್ತ್ರೀಯರ ಹಕ್ಕಿನ ಚರ್ಚೆಯಲ್ಲಿ ಉದಾಹರಿಸುವುದುಂಟು. ನಡುವಿನ ಪಾಲಿನ ಮಹತ್ತ್ವ ಮಾತ್ರ ಗಮನಕ್ಕೆ ಬಂದದ್ದು ಕಡಿಮೆ. ಮನೆಯ ವೆಚ್ಚಕ್ಕೆಂದು ತೆಗೆದಿಟ್ಟ ಅದು ದಾನವಾಗಿ ಕರಗದು, ಹಂಚಿಕೆಯಲ್ಲಿ ಹರಿದುಹೋಗದು. ಹಗೇವಿನ ಸೀಮೆಯ ಓದುಗನಿಗೆ ಅದು ಪರಿಚಿತವೇ: ಬೀಜದ ಗಡಿಗೆ ಬೇರೆ, ಉಣ್ಣುವ ಹಗೇವು ಬೇರೆ, ಕೊಡುವ ಕಾಳು ಬೇರೆ.

ನಿವೃತ್ತಿ ಎಂಬ ಪದ ಇಂದು ಕಚೇರಿಯ ಆದೇಶದ ತಾರೀಖಿಗೆ ಅಂಟಿಕೊಂಡಿದೆ. ಒಂದು ಸಂಜೆ ಹಾರ ತುರಾಯಿಯೊಡನೆ ಎಲ್ಲವೂ ಮುಗಿಯುತ್ತದೆ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ರಮ. ಎಂಟನೆಯದು ಆರಂಭತ್ಯಾಗ: ಸೇವೆ, ಕೃಷಿ, ವಾಣಿಜ್ಯ ಮೊದಲಾದ ಹಿಂಸೆಗೆ ಎಡೆಯಾಗುವ ದುಡಿಮೆಯಿಂದ ಹಿಂದೆ ಸರಿಯುವುದು. ಒಂಬತ್ತನೆಯದು ಪರಿಗ್ರಹತ್ಯಾಗ. ಹದಿಮೂರನೆಯ ಶತಮಾನದ ಆಶಾಧರನ ಸಾಗಾರಧರ್ಮಾಮೃತ ಇಲ್ಲಿ ಮಗನನ್ನು ಸಾಧರ್ಮಿಕರ ಮುಂದೆ ಕರೆದು ಮನೆಯನ್ನು ಒಪ್ಪಿಸುವ ವಿಧಿಯನ್ನು ಹೇಳುತ್ತದೆ. ಹತ್ತನೆಯದು ಅನುಮತಿತ್ಯಾಗ, ಎಲ್ಲಕ್ಕಿಂತ ಕಠಿಣವಾದುದು. ದುಡಿಮೆ ಬಿಡಬಹುದು, ಒಡೆತನ ಬಿಡಬಹುದು. ಹೊಲಕ್ಕೆ ಏನು ಬಿತ್ತಬೇಕು, ಯಾವ ಹಗೇವು ತೆರೆಯಬೇಕು ಎಂಬ ಮಾತಿಗೆ ಹೂಂ ಎನ್ನುವುದನ್ನೂ ಊಹೂಂ ಎನ್ನುವುದನ್ನೂ ಬಿಡುವುದು ಸುಲಭವಲ್ಲ.

ಇಲ್ಲೊಂದು ತೊಡಕಿದೆ. ಬರವನ್ನು ಕಂಡ ಹಿರಿಯನು ಮಾತು ಬಿಟ್ಟರೆ ಮನೆ ತನ್ನ ನೆನಪನ್ನೇ ಕಳೆದುಕೊಳ್ಳುತ್ತದೆ. ನೆಲದಡಿಯ ಹಗೇವಿನ ಬಾಯಿ ಎಲ್ಲಿದೆ, ಎಷ್ಟು ಕಾಳಿದೆ, ಯಾವ ವರ್ಷದ್ದು ಎಂಬುದು ಅವನ ತಲೆಯಲ್ಲಿಯೇ ಇದ್ದರೆ ಅವನ ತ್ಯಾಗ ಮನೆಗೆ ಹಾನಿಯೇ ಆದೀತು. ಪ್ರತಿಮೆಗಳ ಕ್ರಮದಲ್ಲಿ ಇದಕ್ಕೆ ಉತ್ತರವಿದೆ. ಅನುಮತಿತ್ಯಾಗ ಬರುವುದು ಒಪ್ಪಿಸುವಿಕೆಯ ನಂತರ, ಒಪ್ಪಿಸುವಿಕೆ ಪ್ರಶಾಂತಿಯ ದಿನಗಳ ನಂತರ. ಕಲಿಸದೆ ಬಿಡುವಂತಿಲ್ಲ; ಕಲಿಸಿದ ಮೇಲೆ ಹಿಡಿದುಕೊಂಡಿರುವಂತಿಲ್ಲ. ಕೀಲಿಕೈಯನ್ನು ಸೊಂಟದಲ್ಲಿಯೇ ಇಟ್ಟುಕೊಂಡು ಸಾಯುವ ಯಜಮಾನನೂ, ಮಗನಿಗೆ ಏನನ್ನೂ ತೋರಿಸದೆ ಒಮ್ಮೆಗೇ ಕೈಚೆಲ್ಲುವ ಯಜಮಾನನೂ ಮನೆಗೆ ಮಾಡುವ ಕೇಡು ಸಮಾನ.

ಸಮಂತಭದ್ರನು ಸಲ್ಲೇಖನೆಯ ಸಂದರ್ಭಗಳನ್ನು ಎಣಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾನೆ. ಬರವನ್ನೂ ಮುಪ್ಪನ್ನೂ ಒಟ್ಟಿಗೆ ನೋಡುವ ದೃಷ್ಟಿಗೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಡ. ಆದರೆ ಅವಕ್ಕೆಲ್ಲ ಅವನು ಹಚ್ಚಿದ ವಿಶೇಷಣವನ್ನು ಬಿಟ್ಟು ಓದಬಾರದು: ನಿಷ್ಪ್ರತೀಕಾರ, ಪರಿಹಾರವೇ ಇಲ್ಲದ್ದು. ಪರಿಹಾರವಿರುವ ಬರಕ್ಕೆ ಪರಿಹಾರವನ್ನೇ ಮಾಡಬೇಕು. ಹಗೇವು ತೋಡುವುದು ಆ ವಿಶೇಷಣದೊಳಗೆ ಅಡಗಿರುವ ಗೃಹಸ್ಥನ ಕರ್ತವ್ಯ.

1880ರ ದಶಕದ ನಡುವಿಗೆ ಹೋಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ ಸದರ್ನ್ ಮರಾಠಾ ರೇಲ್ವೆಯ ಹಳಿ ಬಂದಿತು. ಬರಗಾಲದಲ್ಲಿ ಕಾಳು ತರುವುದು ಅದರ ಉದ್ದೇಶಗಳಲ್ಲಿ ಒಂದು. ಕಾಳನ್ನು ಹೊರಗೆ ಒಯ್ಯುವುದಕ್ಕೂ ಅದೇ ಹಳಿ ಸಾಕಾಯಿತು. ಮುಂದೆ ಚೀಲ, ಗೋದಾಮು, ಪಡಿತರದ ಅಂಗಡಿ ಬಂದಂತೆ ಹಗೇವುಗಳು ಒಂದೊಂದಾಗಿ ಮುಚ್ಚಿದವು. ಎರೆಹೊಲದ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಈಗ ಉಳಿದಿರುವುದು ಹಗೇವಿನ ಜೋಳದ ರೊಟ್ಟಿಯ ವಾಸನೆಯ ನೆನಪು.

ಅನುಮತಿವಿರತನ ದಿನಚರಿಯನ್ನು ಆಶಾಧರನು ಹೇಳಿದ್ದಾನೆ. ಅವನು ಚೈತ್ಯಾಲಯದಲ್ಲಿದ್ದು ಸ್ವಾಧ್ಯಾಯ ಮಾಡಬೇಕು. ಮಧ್ಯಾಹ್ನದ ವಂದನೆ ಮುಗಿದ ಮೇಲೆ ಯಾರು ಕರೆಯುತ್ತಾರೋ ಅವರಲ್ಲಿ, ತನ್ನ ಮನೆಯೇ ಆಗಲಿ ಪರರ ಮನೆಯೇ ಆಗಲಿ, ಹೋಗಿ ಉಣ್ಣಬೇಕು. ಮಗನ ಪಡಸಾಲೆಯಲ್ಲಿಯೂ ಆಗ ಅವನು ಕರೆದು ಬಂದ ಅತಿಥಿ. ತಾನೇ ತೋಡಿಸಿದ ಹಗೇವಿನ ಮೇಲಿನ ನೆಲದ ಮೇಲೆ ಕುಳಿತು, ಬಡಿಸಿದ್ದನ್ನು ಉಂಡು, ಕಾಳು ಎಷ್ಟು ಉಳಿದಿದೆ ಎಂದು ಕೇಳದೆ ಎದ್ದು ಬರಬೇಕು.