ಪಿತೃನಾಮವೂ ಕುಲನಾಮವೂ: ಡಚ್ ಚರ್ಚ್ ದಾಖಲೆಗಳನ್ನು ಓದುವ ಬಗೆ

ಹೊಸದುರ್ಗ ತಾಲ್ಲೂಕಿನ ಬಾಗೂರಿನವರೊಬ್ಬರ ಹೆಸರಿಗೆ ಎರಡು ಇನಿಷಿಯಲ್‌ಗಳಿದ್ದರೆ, ಸಾಮಾನ್ಯವಾಗಿ ಮೊದಲನೆಯದು ಊರನ್ನೂ ಎರಡನೆಯದು ತಂದೆಯನ್ನೂ ಸೂಚಿಸುತ್ತದೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬುದು ಈ ಕ್ರಮದ ಪ್ರಸಿದ್ಧ ನಿದರ್ಶನ. ಇಲ್ಲಿ ಪಿತೃನಾಮವು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಹದಿನೇಳನೆಯ ಶತಮಾನದ ಡಚ್ಚರಲ್ಲಿ ಅನೇಕರ ಹೆಸರಿನ ರಚನೆಯೂ ಇಂಥದೇ.

ಬಸರೂರಿನಲ್ಲಿ ಕೋಠಿಯನ್ನು ಹೊಂದಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯು 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ವಶಪಡಿಸಿಕೊಂಡಿತು. ಅಲ್ಲಿನ ಸೇಂಟ್ ಫ್ರಾನ್ಸಿಸ್ ಚರ್ಚಿನ 1751ರಿಂದ 1804ರವರೆಗಿನ ದೀಕ್ಷಾಸ್ನಾನ ಮತ್ತು ವಿವಾಹಗಳ ದಾಖಲೆ ಪುಸ್ತಕ ಇಂದಿಗೂ ಉಳಿದಿದೆ. ಇಂತಹ ಪುಸ್ತಕಗಳಲ್ಲಿ ವಂಶಮೂಲವನ್ನು ಅರಸುವವರು ಮೊದಲು ಹೆಸರಿನ ವ್ಯಾಕರಣವನ್ನು ತಿಳಿಯಬೇಕು.

ಡಚ್ಚಿನಲ್ಲಿ ‘ಜೋನ್’ ಎಂದರೆ ಮಗ, ‘ದೊಖ್ಟರ್’ ಎಂದರೆ ಮಗಳು. ‘ಯಾನ್ಸ್‌ಜೋನ್’ ಎಂಬುದರಲ್ಲಿನ ಸಕಾರವು ಷಷ್ಠೀ ಪ್ರತ್ಯಯ. ‘ಯಾನನ ಮಗ’ ಎಂಬುದೇ ಅದರ ಅರ್ಥ. ನಮ್ಮ ಶಾಸನಗಳ ‘ಇಂಥವನ ಮಗ’ ಎಂಬ ನಿರೂಪಣೆಗೆ ಇದು ಸಮೀಪವಾದುದು. ಬರಹದಲ್ಲಿ ಇದು ‘ಯಾನ್ಸ್’ ಎಂದು ಸಂಕ್ಷೇಪಗೊಳ್ಳುತ್ತಿತ್ತು. ಯಾನನ ಮಗ ಪೀಟರ್ ‘ಪೀಟರ್ ಯಾನ್ಸ್’ ಆದರೆ, ಪೀಟರನ ಮಗ ಯಾನ್ ‘ಯಾನ್ ಪೀಟರ್ಸ್’ ಆಗುತ್ತಾನೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಅವರಲ್ಲಿಯೂ ಇದ್ದುದರಿಂದ, ಒಂದು ತಲೆಮಾರು ಬಿಟ್ಟು ಮತ್ತೆ ಅದೇ ಹೆಸರು ಮರಳುತ್ತದೆ. ಅಜ್ಜ ಮೊಮ್ಮಕ್ಕಳನ್ನು ಒಬ್ಬನೇ ವ್ಯಕ್ತಿಯೆಂದು ಭ್ರಮಿಸುವ ಅಪಾಯ ಇಲ್ಲಿಯೇ ಇದೆ. ತಾಯಿಯ ಹೆಸರು ಮತ್ತು ಸಾಕ್ಷಿಗಳ ಹೆಸರುಗಳೇ ಆಗ ಅವರನ್ನು ಬೇರ್ಪಡಿಸುವ ಆಧಾರ.

ಕಾಲಾಂತರದಲ್ಲಿ ಈ ಚಲನಶೀಲ ಪಿತೃನಾಮವು ಸ್ಥಿರ ಕುಲನಾಮವಾಗಿ ನಿಂತಿತು. ಶ್ರೀಲಂಕೆಯ ಬರ್ಗರ್ ಸಮುದಾಯದಲ್ಲಿ ‘ಯಾನ್ಸ್’, ‘ಪೀಟರ್ಸ್’ ಎಂಬವು ಇಂದು ಮನೆತನದ ಹೆಸರುಗಳು. ನೆದರ್‌ಲೆಂಡ್ಸ್‌ನಲ್ಲಿ 1811ರ ನೆಪೋಲಿಯನ್ ಶಾಸನವು ಸ್ಥಿರ ಕುಲನಾಮವನ್ನು ಕಡ್ಡಾಯಗೊಳಿಸಿತು. ಹಾಗೆ ನಿಂತ ಮೇಲೆ ‘ಯಾನ್ಸ್’ ಎಂಬುದು ತಂದೆಯ ಹೆಸರು ಯಾನ್ ಎಂಬುದಕ್ಕೆ ಪ್ರಮಾಣವಾಗದು.

ನಮ್ಮ ಕರಾವಳಿಯ ನಿದರ್ಶನ ಇನ್ನೂ ಎಚ್ಚರಿಕೆಯನ್ನು ಬೇಡುತ್ತದೆ. ‘ರೊಡ್ರಿಗಸ್’ ಎಂದರೆ ಮೂಲದಲ್ಲಿ ರೊಡ್ರಿಗೋನ ಮಗ. ಆದರೆ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಇಂತಹ ಹೆಸರುಗಳು ಪೂರ್ವಜರ ಮತಾಂತರದೊಡನೆ ಬಂದವು. ಅವು ರಕ್ತಸಂಬಂಧವನ್ನು ಹೇಳುವುದಿಲ್ಲ. ಪ್ರಭು, ಕಾಮತ್, ಶೆಟ್ ಮೊದಲಾದ ಹಳೆಯ ಮನೆತನದ ಹೆಸರುಗಳ ನೆನಪನ್ನು ಅನೇಕ ಕುಟುಂಬಗಳು ಉಳಿಸಿಕೊಂಡಿರುವುದೇ ಇದಕ್ಕೆ ಸಾಕ್ಷ್ಯ.

ಆದುದರಿಂದ ಒಂದೇ ಬಗೆಯ ಪ್ರತ್ಯಯವು ಒಂದೆಡೆ ತಂದೆಯನ್ನೂ ಇನ್ನೊಂದೆಡೆ ಮನೆತನವನ್ನೂ ಮತ್ತೊಂದೆಡೆ ಜ್ಞಾನಸ್ನಾನವನ್ನೂ ಸೂಚಿಸಬಲ್ಲುದು. ಯಾವ ತಲೆಮಾರಿನಲ್ಲಿ ಅದು ಯಾವ ಅರ್ಥದಲ್ಲಿತ್ತೆಂಬುದನ್ನು ದಾಖಲೆಯ ಸಾಲಿನಿಂದಲೇ ನಿರ್ಣಯಿಸದೆ, ಹೆಸರಿನ ಸಾಮ್ಯದಿಂದ ಕಟ್ಟಿದ ವಂಶಾವಳಿಗೆ ಆಧಾರವಿರದು.