ಅಭಯದಾನವೂ ಲೆಕ್ಕದ ಶುದ್ಧಿಯೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಅಲ್ಲಿಯ ಕೋಡಿಯಮಠವನ್ನು ಕುರಿತ ಕ್ರಿ.ಶ. 1162ರ ಶಾಸನವು ಕಲಚುರಿ ಬಿಜ್ಜಳನ ಕಾಲದ್ದು. ಮಠವು ಕಾಳಾಮುಖ ಶೈವರದು. ಆದರೆ ಅಲ್ಲಿ ನಡೆಯುತ್ತಿದ್ದ ಕಾರ್ಯಗಳ ಪಟ್ಟಿಯನ್ನು ಓದುವ ಜೈನ ಶ್ರಾವಕನಿಗೆ ಅದು ತನ್ನ ಮನೆಯ ಮಾತೇ ಎನಿಸುತ್ತದೆ. ಶಾಸ್ತ್ರಗಳ ಅಧ್ಯಯನ, ದೀನರಿಗೂ ಅಂಗವಿಕಲರಿಗೂ ಅನ್ನ, ಅನಾಥ ರೋಗಿಗಳಿಗೆ ಔಷಧ, ಕೊನೆಗೆ ಸಕಲ ಜೀವಿಗಳಿಗೆ ಅಭಯ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂದು ಜಿನಾಗಮವು ಹೇಳುವ ಚತುರ್ವಿಧ ದಾನಗಳೂ ಆ ಒಂದು ಅಂಗಳದಲ್ಲಿದ್ದವು. ಜೀವದಯೆಗೆ ಮತಭೇದವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಕಾರ್ಯಗಳಿಗೆ ಧನ ಬೇಕು. ಧನ ಬೇಕೆಂದರೆ ಕೇಳಬೇಕು. ಕೇಳುವ ರೀತಿ ಹೇಗಿರಬೇಕು ಎಂಬುದಕ್ಕೂ ಬಳ್ಳಿಗಾವೆಯೇ ಉತ್ತರ ಕೊಡುತ್ತದೆ. ಅಲ್ಲಿ ಮಲ್ಲಿಕಾಮೋದ ಶಾಂತಿನಾಥ ಬಸದಿಯು ಮರದ್ದಾಗಿತ್ತು. 'ಸುಕುಮಾರ ಚರಿತೆ'ಯ ಕವಿಯೂ ದಂಡನಾಥನೂ ಆದ ಶಾಂತಿನಾಥನು ಅದನ್ನು ಕಲ್ಲಿನಲ್ಲಿ ಕಟ್ಟಿಸಬೇಕೆಂದು ಬನವಾಸಿಯನ್ನಾಳುತ್ತಿದ್ದ ಲಕ್ಷ್ಮನೃಪನಲ್ಲಿ ಬಿನ್ನವಿಸಿದನು. ಬಸದಿ ಕಲ್ಲಾಯಿತು, 1068ರ ಶಾಸನವು ಅದನ್ನು ದಾಖಲಿಸಿತು. ಕೇಳಿದ್ದು ಯಾವ ಕಾರ್ಯಕ್ಕೋ ಆದದ್ದೂ ಅದೇ ಕಾರ್ಯ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ, ಅದೇ ಶತಮಾನದ ಉತ್ತರಾರ್ಧದಲ್ಲಿ, ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿದಾಗ, ಅಗ್ರಹಾರದ ಬ್ರಾಹ್ಮಣರು ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿತ್ತರು. ಅನ್ಯಮತೀಯರ ಇಂಥ ವಿಶ್ವಾಸವು ಮಾತಿನ ಚಮತ್ಕಾರದಿಂದ ಬರುವಂಥದಲ್ಲ.

ಈ ಶಾಸನಗಳಲ್ಲಿ ಒಂದು ಸಂಗತಿ ಗಮನಾರ್ಹವಾದುದು. ಪ್ರಶಸ್ತಿಯ ಭಾಗದಲ್ಲಿ ಅತಿಶಯೋಕ್ತಿಗೆ ಕೊರತೆಯಿಲ್ಲ. ಅರಸನು ಸಿಂಹ, ಸಮುದ್ರ, ಕಲ್ಪವೃಕ್ಷ ಎಲ್ಲವೂ ಆಗುತ್ತಾನೆ. ಆದರೆ ದತ್ತಿಯ ಭಾಗ ಬಂದೊಡನೆ ಭಾಷೆಯೇ ಬದಲಾಗುತ್ತದೆ. ಕೊಟ್ಟವರಾರು, ಪಡೆದವರಾರು, ಯಾವ ಕಾರ್ಯಕ್ಕಾಗಿ, ಎಷ್ಟು ಭೂಮಿ, ಅದರ ಎಲ್ಲೆ ಯಾವುದು ಎಂಬುದಷ್ಟೇ ಅಲ್ಲಿರುತ್ತದೆ. ಹೊಗಳಿಕೆಗೆ ಅಲಂಕಾರ ಸಲ್ಲುತ್ತದೆ, ಲೆಕ್ಕಕ್ಕೆ ಸಲ್ಲದು ಎಂಬ ವಿವೇಕ ನಮ್ಮ ಪೂರ್ವಿಕರಿಗಿತ್ತು.

ಶ್ರವಣಬೆಳಗೊಳದಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು. ಇದರ ಹೊಣೆ ತಿರುಮಲೆಯ ತಾತಯ್ಯನೆಂಬ ವೈಷ್ಣವನದು. ದರ, ಉದ್ದೇಶ, ಹೊಣೆಗಾರ, ಮಿಕ್ಕ ಹಣದ ವಿನಿಯೋಗ, ಈ ನಾಲ್ಕೂ ಮೊದಲೇ ಬಹಿರಂಗ. ವಂತಿಗೆ ಎತ್ತುವ ಯಾವ ಟ್ರಸ್ಟಿಗೂ ಇದು ಮಾದರಿಯಾಗಬಲ್ಲದು.

ಇಂದು ಗೋಶಾಲೆಗೆ, ಪಾಂಜರಾಪೋಳಕ್ಕೆ, ಗಾಯಗೊಂಡ ಪಶುಪಕ್ಷಿಗಳ ಚಿಕಿತ್ಸೆಗೆ ಸಹಾಯ ಕೇಳುವವರಲ್ಲಿ ಬಹುಮಂದಿ ಪ್ರಾಮಾಣಿಕರೇ. ಆದರೂ ಪ್ರಲೋಭನೆ ಸಣ್ಣದಲ್ಲ. ಅರವತ್ತು ರಾಸುಗಳಿದ್ದರೆ ಇನ್ನೂರೆಂದು ಬರೆಯುವುದು, ಎಲ್ಲಿಯದೋ ರಕ್ತಸಿಕ್ತ ಕರುವಿನ ಚಿತ್ರವನ್ನು ತಮ್ಮ ಆಶ್ರಯದ್ದೆಂದು ಅಚ್ಚು ಹಾಕಿಸುವುದು, ಮೇವಿಗೆಂದು ಎತ್ತಿದ ಹಣದಲ್ಲಿ ಮಹಾದ್ವಾರ ಕಟ್ಟಿಸುವುದು. 'ಮೂಕಪ್ರಾಣಿಗಾಗಿ ಆಡಿದ ಸುಳ್ಳು ಸುಳ್ಳಲ್ಲ' ಎಂಬ ಸಮರ್ಥನೆಯೂ ಕೇಳಿಬರುತ್ತದೆ. ಮೇವಿಲ್ಲದೆ ದನಗಳು ಸೊರಗುವಾಗ ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದೂ ಸುಲಭವಲ್ಲ.

ಇದಕ್ಕೆ ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಸಮಾಧಾನವಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ನ್ಯಾಸಾಪಹಾರವೂ ಸೇರಿವೆ. ಇಲ್ಲದ್ದನ್ನು ಬರಹದಲ್ಲಿ ಹುಟ್ಟಿಸುವುದು ಕೂಟಲೇಖ. ಕಲ್ಪಿತ ಸಂಖ್ಯೆಯೂ ಎರವಲು ಚಿತ್ರವೂ ಇದರಲ್ಲೇ ಬರುತ್ತವೆ. ನ್ಯಾಸವೆಂದರೆ ನಂಬಿ ಇಟ್ಟ ಒಡವೆ. ಇಟ್ಟವನು ಪ್ರಮಾಣವನ್ನು ಮರೆತು ಕಡಿಮೆ ಕೇಳಿದಾಗ 'ಹೌದು, ಅಷ್ಟೇ' ಎಂದು ಒಪ್ಪಿಬಿಡುವುದೇ ಅದರ ಅಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇದನ್ನು ಅಚೌರ್ಯದ ಕೆಳಗಿಡದೆ ಸತ್ಯದ ಕೆಳಗಿಟ್ಟಿರುವುದು ಅರ್ಥಪೂರ್ಣ. ದಾನಿಯು ಲೆಕ್ಕ ಕೇಳಲಿಲ್ಲವೆಂದು ಸುಮ್ಮನಿರುವ ಮೌನವೂ ಅಸತ್ಯವೇ. ಅಹಿಂಸೆಯನ್ನು ಕಾಯಲು ಸತ್ಯವನ್ನು ಬಲಿಕೊಟ್ಟರೆ, ವಂಚನೆ ಬಯಲಾದ ದಿನ ದಾನಿಯ ಕೈ ಹಿಂದೆ ಸರಿಯುತ್ತದೆ. ಉಪವಾಸ ಬೀಳುವುದು ಅದೇ ಮೂಕಪ್ರಾಣಿ.

ವ್ಯಾಪಾರಸ್ಥರಿಗೆ ಈ ತತ್ತ್ವ ಹೊಸತಲ್ಲ. ಬೀಜಕದಲ್ಲಿ 'ಧರ್ಮಾದ' ಎಂದು ಎತ್ತಿದ ಹಣವನ್ನು ಅಂಗಡಿಯ ಆದಾಯಕ್ಕೆ ಸೇರಿಸದೆ ಬೇರೆ ಖಾತೆಯಲ್ಲಿಡುವುದು ಹಳೆಯ ಪದ್ಧತಿ. ಬಿಜ್ಲಿ ಕಾಟನ್ ಮಿಲ್ಸ್ ಮೊಕದ್ದಮೆಯಲ್ಲಿ, 1979ರ ಕಾನೂನು ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ, ಇಂಥ ಹಣವು ವ್ಯಾಪಾರದ ಆದಾಯವಲ್ಲ, ಧರ್ಮಕಾರ್ಯಕ್ಕೆ ಬದ್ಧವಾದುದು ಎಂದು ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕೈಗೆ ಬಂದ ಹಣವೆಲ್ಲ ತನ್ನದಲ್ಲ ಎಂಬ ಅರಿವೇ ಧರ್ಮಾದದ ತಿರುಳು.

ಆದುದರಿಂದ ಜೀವದಯೆಗಾಗಿ ಕೈ ಚಾಚುವ ಸಂಸ್ಥೆಯು ಇದ್ದ ರಾಸುಗಳನ್ನೇ ಎಣಿಸಿ ಬರೆಯಲಿ. ಸತ್ತವುಗಳ ಸಂಖ್ಯೆಯನ್ನೂ ಮುಚ್ಚಿಡದಿರಲಿ. ಮೇವು, ಔಷಧ, ಸಂಬಳಗಳ ಖರ್ಚನ್ನು ಬಸದಿಯ ಫಲಕದಲ್ಲಿ ತೂಗಹಾಕಲಿ. ಮಿಕ್ಕ ಹಣ ಯಾವುದಕ್ಕೆಂದು ಮೊದಲೇ ಸಾರಲಿ. ಕೊಡುವವರೂ ಸಂಕೋಚವಿಲ್ಲದೆ ಲೆಕ್ಕ ಕೇಳಲಿ. ಕೇಳುವುದು ಅವಿಶ್ವಾಸವಲ್ಲ, ದಾನದ ರಕ್ಷಣೆ. ಕೊಟ್ಟದ್ದನ್ನು ಕಾಪಾಡುವುದು ಕೊಡುವುದಕ್ಕಿಂತ ಹಿರಿದೆಂದು ನಮ್ಮ ನಾಡಿನ ದತ್ತಿಶಾಸನಗಳು ಮತ್ತೆ ಮತ್ತೆ ಎಚ್ಚರಿಸುತ್ತ ಬಂದಿವೆ.